ಮಳೆಗಾಲ ಕಳೆದ ಮೇಲೆ ಕೋವಿಯ ನಳಿಗೆಯೊಳಗೆ ತುಕ್ಕು

ತೀರ್ಥಹಳ್ಳಿಯ ಮಳೆಗಾಲವಿಡೀ ಚೀಲದಲ್ಲಿಟ್ಟಿದ್ದ 12 ಬೋರ್ ಒಂಟಿನಳಿಗೆ ಕೋವಿಯೊಳಗೆ ಕೆಂಪು ಚುಕ್ಕೆ, ಏನು ಮಾಡಲಿ ಎಂದು ಫೋಟೋ ಸಮೇತ ಕೇಳಿದ್ದೀರಿ. ತಪ್ಪು ಬಹುಶಃ ಆ ಚೀಲದ್ದೇ. ಬಟ್ಟೆಯಾಗಲಿ ಚರ್ಮವಾಗಲಿ ತೇವ ಹಿಡಿದಿಡುತ್ತದೆ.

ಮೊದಲು ಕೋವಿ ಮಡಚಿ (ನಳಿಗೆ ಬಾಗಿಸಿ ಹಿಂಬದಿ ತೆರೆದು), ತೋಟಾ ಇಲ್ಲವೆಂದು ಕಣ್ಣಾರೆ ನೋಡಿ, ನಳಿಗೆ ಬಿಚ್ಚಿಕೊಳ್ಳಿ. ಒಳಗೆ ಗನ್ ಆಯಿಲ್ ಬಿಟ್ಟು ಅರ್ಧ ಗಂಟೆ ನೆನೆಯಲಿ. ಆಮೇಲೆ 12 ಬೋರಿನ ಕಂಚಿನ ಬ್ರಷ್ಷನ್ನು ತೋಟಾ ಹಾಕುವ ಕಡೆಯಿಂದ ತೂರಿಸಿ ಹದಿನೈದಿಪ್ಪತ್ತು ಸಲ ಆಡಿಸಿ, ಬಟ್ಟೆತುಂಡು ಬೆಳ್ಳಗೆ ಬರುವವರೆಗೆ ಒರೆಸಿ. ಸ್ಯಾಂಡ್‌ಪೇಪರ್ ಮುಟ್ಟಿಸಲೇಬೇಡಿ. ಕೊಬ್ಬರಿ ಎಣ್ಣೆಯೂ ಬೇಡ (ನಮ್ಮ ಕಡೆ ಎಲ್ಲದಕ್ಕೂ ಅದೇ!), ಚಳಿಗೆ ಗಟ್ಟಿಯಾಗಿ ಅಂಟುತ್ತದೆ.

ಚುಕ್ಕೆ ಎಷ್ಟು ಆಳವೆಂದು ಫೋಟೋದಲ್ಲಿ ತಿಳಿಯುವುದಿಲ್ಲ. ಬೆಳಕಿಗೆ ಹಿಡಿದಾಗ ಕುಳಿ ಕಂಡರೆ ತೋಟಾ ಹಾಕದೆ, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ಕುಳಿ ಇಲ್ಲದಿದ್ದರೆ ತೆಳುವಾಗಿ ಎಣ್ಣೆ ಸವರಿ, ಚೀಲವಿಲ್ಲದೆ ಬೀಗದ ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ.