ವಲಸೆ ಬಂದವರ ಕಥೆ ಇಟ್ಕೊಂಡು ನಿಟ್‌ವೇರ್ ಕಲೆಕ್ಷನ್ ಮಾಡ್ತಿದೀನಿ, ಕಥೆನ ಸ್ವೆಟರ್ ಒಳಗೆ ತರೋದು ಹೇಗೆ?

ನೀವು ಬರೆದಿರೋದು ಇಷ್ಟು: ಫ್ಯಾಷನ್ ಡಿಸೈನ್ ಕೊನೇ ವರ್ಷ, ಆರು ಔಟ್‌ಫಿಟ್‌ಗಳ ನಿಟ್‌ವೇರ್ ಕಲೆಕ್ಷನ್, ವಲಸೆ ಬಂದ ನಾಲ್ಕೈದು ಜನರ ಹತ್ರ ಮಾತಾಡಿ ರೆಕಾರ್ಡ್ ಮಾಡ್ಕೊಂಡಿದೀರ, ಮೂಡ್ ಬೋರ್ಡ್ ತುಂಬ ಮ್ಯಾಪು, ದೋಣಿ, ಮುಳ್ಳುತಂತಿ, ಹಳೇ ಸೂಟ್‌ಕೇಸು, ಆದ್ರೆ ನಿಮ್ಮ ಗೈಡ್ ಮಾತ್ರ "ಇದು ಪೋಸ್ಟರ್ ಆಯ್ತು, ಹೆಣಿಗೆ ಎಲ್ಲಿದೆ" ಅಂತಿದಾರೆ. ನಾನೂ ಇದೇ ವಿಷಯ ತಗೊಂಡು ಡಿಗ್ರಿ ಕಲೆಕ್ಷನ್ ಮಾಡಿದೋಳು, ಈಗ ನಿಟ್‌ವೇರ್ ಸ್ಯಾಂಪ್ಲಿಂಗ್‌ನಲ್ಲೇ ಕೆಲಸ, ದಿನಾ ಹೆಣಿಗೆ ಮಷೀನ್ ಮುಂದೇನೇ ಇರ್ತೀನಿ. ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ಗೈಡ್ ಹೇಳಿದ್ದು ಸರಿ ಇದೆ. ನೇಯ್ದ ಬಟ್ಟೇಲಿ ಬಟ್ಟೆ ಮೊದ್ಲು ಬರುತ್ತೆ, ಆಮೇಲೆ ನಾವು ಕತ್ತರಿಸಿ ಹೊಲೀತೀವಿ. ಹೆಣಿಗೇಲಿ ಹಂಗಲ್ಲ, ಬಟ್ಟೆನೂ ಆಕಾರಾನೂ ಒಟ್ಟೊಟ್ಟಿಗೆ ಒಂದೊಂದೇ ಕುಣಿಕೆಯಾಗಿ ಹುಟ್ಟುತ್ತೆ, ಕಥೆ ಸೇರ್ಬೇಕಾಗಿರೋದು ಅಲ್ಲಿ, ಎದೆ ಮೇಲಿನ ಚಿತ್ರದಲ್ಲಿ ಅಲ್ಲ. ನಾನು ಇಟ್ಕೊಂಡಿರೋ ಪರೀಕ್ಷೆ ಒಂದೇ, ಈ ಐಡಿಯಾನ ಟೀಶರ್ಟ್ ಮೇಲೆ ಪ್ರಿಂಟ್ ಹೊಡೆದ್ರೂ ಅದೇ ಅರ್ಥ ಬರುತ್ತಾ? ಬರುತ್ತೆ ಅಂದ್ರೆ ಅದನ್ನ ಬಿಟ್ಬಿಡಿ.

ನಾನೂ ಮೊದ್ಲು ಅದನ್ನೇ ಮಾಡಿದ್ದೆ. ಒಬ್ಬ ವಯಸ್ಸಾದ ಹೆಂಗಸು, ಚಿಕ್ಕ ವಯಸ್ಸಲ್ಲೇ ಅಪ್ಪ ಅಮ್ಮನ ಜೊತೆ ದೇಶ ಬಿಟ್ಟು ಬಂದೋರು (ಅವರ ಹೆಸರು, ಊರು ಎಲ್ಲೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ, ಅದಕ್ಕೆ ಇಲ್ಲೂ ಬರೆಯಲ್ಲ), ಅವರು ನಡೆದು ಬಂದ ದಾರೀನ ಇಂಟಾರ್ಸಿಯಾದಲ್ಲಿ (ಒಂದೊಂದು ಬಣ್ಣದ ಜಾಗಕ್ಕೂ ಬೇರೆ ಬೇರೆ ನೂಲು ಹಾಕಿ ಚಿತ್ರ ಹೆಣೆಯೋ ವಿಧಾನ) ಕೆಂಪು ಗೆರೆ ಥರ ಸ್ವೆಟರ್ ಮೇಲೆ ತಂದಿದ್ದೆ. ಮೂರು ವಾರದ ಕೆಲಸ. ತಗೊಂಡೋಗಿ ತೋರಿಸಿದ್ರೆ ಅವರು ಆ ಗೆರೆ ಕಡೆ ನೋಡ್ಲೇ ಇಲ್ಲ, ತೋಳು ಎತ್ಕೊಂಡು ಕಫ್ ಒಳಗೆ ಬೆರಳು ಹಾಕಿ ಮಡಿಕೆ ಹುಡುಕಿದ್ರು. ಯಾಕೆ ಅಂತ ಕೇಳ್ದೆ. ಅವರಮ್ಮ ಮಕ್ಕಳ ಸ್ವೆಟರ್ ಹೆಣೆಯುವಾಗ ತೋಳನ್ನ ಬೇಕಾದ್ದಕ್ಕಿಂತ ಒಂದು ಗೇಣು ಜಾಸ್ತಿನೇ ಹೆಣೀತಿದ್ರಂತೆ, ಜಾಸ್ತಿ ಇರೋದನ್ನ ಎರಡೆರಡು ಬೆರಳಷ್ಟು ಒಳಗೆ ಮಡಿಸಿ ಮಡಿಸಿ ದಾರದಲ್ಲಿ ಟಾಕಿ ಹಾಕ್ತಿದ್ರಂತೆ, ಯಾಕಂದ್ರೆ ಮುಂದಿನ ಉಣ್ಣೆ ಯಾವಾಗ ಎಲ್ಲಿ ಸಿಗುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಪ್ರತಿ ಚಳಿಗಾಲಕ್ಕೆ ಒಂದು ಮಡಿಕೆ ಬಿಚ್ಚೋದು. ಬಿಚ್ಚಿದ ಜಾಗ ಬಿಸಿಲು ಕಾಣದೆ ಗಾಢವಾಗಿ ಇರೋದು, ಮೇಲಿನ ತೋಳು ಮಾಸಿರೋದು, ಹಂಗಾಗಿ ಮೂರು ವರ್ಷ ಆಗೋ ಹೊತ್ತಿಗೆ ಮಣಿಕಟ್ಟಿನ ಹತ್ರ ಒಂದೇ ಬಣ್ಣದ ಮೂರು ಹದದ ಪಟ್ಟಿ. ತಾನು ಎಷ್ಟು ವರ್ಷದಿಂದ ಓಡಾಡ್ತಿದೀನಿ ಅಂತ ತೋಳು ನೋಡಿ ಎಣಿಸ್ತಿದ್ದೆ ಅಂದ್ರು.

ಮೊದಲ ಸಲ ರೆಕಾರ್ಡ್ ಮಾಡುವಾಗ ಒಂದೂವರೆ ಗಂಟೆ ಮಾತಾಡಿದ್ರೂ ಇದು ಬಂದಿರ್ಲಿಲ್ಲ, ಯಾಕಂದ್ರೆ ನಾನು ಕೇಳಿದ್ದೆಲ್ಲ ಗಡಿ ದಾಟಿದ್ದು, ಭಯ ಆಗಿದ್ದು, ಕಳಕೊಂಡಿದ್ದು. ಬಟ್ಟೆ ಬಗ್ಗೆ ಒಂದು ಮಾತೂ ಕೇಳಿರ್ಲಿಲ್ಲ, ಅದೂ ಬಟ್ಟೆ ಮಾಡೋಕೆ ಹೋದೋಳು! ಅದಕ್ಕೆ ನಿಮಗೆ ಹೇಳೋ ಮುಖ್ಯ ಮಾತು ಅಂದ್ರೆ ಇದೇ, ಅದೇ ಜನರ ಹತ್ರ ಇನ್ನೊಂದ್ಸಲ ಹೋಗಿ, ಬರೀ ಬಟ್ಟೆ ಬಗ್ಗೆ ಕೇಳಿ. ಹೊರಟ ದಿನ ಏನು ಹಾಕೊಂಡಿದ್ರಿ, ಒಂದರ ಮೇಲೊಂದು ಎಷ್ಟು ಹಾಕೊಂಡಿದ್ರಿ, ದುಡ್ಡು ಕಾಗದಪತ್ರ ಎಲ್ಲಿ ಬಚ್ಚಿಟ್ಟಿದ್ರಿ, ಹೊಸ ಜಾಗದಲ್ಲಿ ಮೊದ್ಲು ತಗೊಂಡ ಬಟ್ಟೆ ಯಾವುದು, ಅದು ಮೈಗೆ ಸರಿಯಾಗಿ ಕೂತಿತ್ತಾ. ನೋವನ್ನ ಮತ್ತೆ ಕೆದಕಿಸೋದು ಬೇಡ, ಅವರಿಗೆ ಹೇಳ್ಬೇಕು ಅನ್ಸಿದ್ರೆ ಅವರೇ ಹೇಳ್ತಾರೆ.

ಆ ಉತ್ತರಗಳನ್ನ ಹೆಣಿಗೆಗೆ ತರೋದು ಅಷ್ಟು ಕಷ್ಟ ಅಲ್ಲ. ತೋಳಿನ ಮಡಿಕೆಗೆ ನಾನು ಒಂದೇ ಬಣ್ಣದ ಉಣ್ಣೆನ ನಾಲ್ಕು ಹದದಲ್ಲಿ ಡೈ ಮಾಡ್ಕೊಂಡೆ, ಮೇಲೆ ಮಾಸಲು, ಕೆಳಗೆ ಹೋದಂಗೆ ಗಾಢ. ಮಡಿಕೆ ಬೀಳೋ ಸಾಲಲ್ಲಿ ಒಂದೇ ಒಂದು ಸಾಲು ಟೆನ್ಷನ್ ಡಯಲ್ (ಕುಣಿಕೆ ಎಷ್ಟು ಬಿಗಿ ಅಂತ ತೀರ್ಮಾನಿಸೋ ತಿರುಗಣೆ) ಮೇಲಕ್ಕೆ ತಿರುಗಿಸಿ ಸಡಿಲ ಹೆಣೆದೆ, ಆಗ ಬಟ್ಟೆ ತಾನಾಗೇ ಅಲ್ಲಿ ಮಡಿಸ್ಕೊಳುತ್ತೆ. ಟಾಕಿ ದಾರ ಹಂಗೇ ಬಿಟ್ಟೆ, ಹಾಕೊಳ್ಳೋರು ಬಿಚ್ಚಬಹುದು. ದುಡ್ಡು ಬಚ್ಚಿಟ್ಟ ಕಥೆ ಇದ್ರೆ ಡಬಲ್ ಬೆಡ್ ಮಷೀನ್‌ನಲ್ಲಿ (ಎದುರುಬದುರು ಎರಡು ಸಾಲು ಸೂಜಿ ಇರೋದು) ಟ್ಯೂಬ್ಯುಲರ್ ಜಾಕಾರ್ಡ್ ಅನ್ನೋ ಎರಡು ಪದರದ ಬಣ್ಣದ ಹೆಣಿಗೆ ನೋಡಿ, ಮುಂದಿನ ಪದರ ಹಿಂದಿನ ಪದರ ಬೇರೆ ಬೇರೆ ಇರುತ್ತೆ, ಬಣ್ಣ ಅದಲು ಬದಲಾಗೋ ಕಡೆ ಮಾತ್ರ ಎರಡೂ ಸೇರ್ಕೊಳುತ್ತೆ, ಅಂದ್ರೆ ಬಣ್ಣ ಬದಲಾಗದ ಜಾಗ ಎಲ್ಲಾ ಒಳಗಡೆ ಖಾಲಿ ಜೇಬು. ಹೊಲಿಗೇನೇ ಇಲ್ಲದ ಜೇಬು, ಹೊರಗಿಂದ ಗೊತ್ತೇ ಆಗಲ್ಲ.

ಹಳೇ ಸ್ವೆಟರ್ ಬಿಚ್ಚಿ ಅದೇ ನೂಲಲ್ಲಿ ಹೆಣಿಯೋ ಯೋಚನೆನೂ ಇದೆ ಅಂದಿದೀರ. ಖಂಡಿತ ಮಾಡಿ, ಈ ವಿಷಯಕ್ಕೆ ಅದಕ್ಕಿಂತ ಹತ್ರದ ಮೆಟೀರಿಯಲ್ ನಂಗೆ ಗೊತ್ತಿಲ್ಲ. ಆದ್ರೆ ತಗೊಳ್ಳೋ ಮುಂಚೆ ಸ್ವೆಟರ್ ಒಳಗೆ ತಿರುಗಿಸಿ ಸೀಮ್ (ತುಂಡುಗಳು ಸೇರೋ ಹೊಲಿಗೆ) ನೋಡಿ. ಓವರ್‌ಲಾಕ್ (ಕತ್ತರಿಸಿದ ಅಂಚಿಗೆ ದಾರ ಸುತ್ತಿದ ಹೊಲಿಗೆ) ಹೊಡೆದಿದ್ರೆ ಬೇಡ, ಕತ್ತರಿಸಿದ ಬಟ್ಟೆ ಅದು, ಪ್ರತಿ ಸಾಲೂ ತುಂಡು ತುಂಡಾಗಿ ಬರುತ್ತೆ. ಅಂಚಿನ ಕುಣಿಕೆ ಪೂರ್ತಿ ಕಾಣ್ತಿದ್ರೆ ಅದು ಸರಿಯಾದದ್ದು. ಫೆಲ್ಟ್ ಆಗಿರೋ, ಅಂದ್ರೆ ಎಳೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿರೋ ಉಣ್ಣೆನೂ ಬೇಡ, ಬಿಚ್ಚೋಕೇ ಬರಲ್ಲ. ಬಿಚ್ಚುವಾಗ ನೂಲು ಗುಂಗುರು ಗುಂಗುರಾಗಿ ಕೈಗೆ ಬರುತ್ತೆ, ಹಿಂದೆ ಯಾವ ಕುಣಿಕೇಲಿ ಕೂತಿತ್ತೋ ಅದೇ ಆಕಾರ. ಮೊಣಕೈ ಹತ್ರ ಬಂದಾಗ ಎಳೆ ಸಣ್ಣಗಾಗಿ ಪಟ್ ಅಂತ ಕಿತ್ತೋಗುತ್ತೆ, ಅಷ್ಟು ವರ್ಷ ಯಾರೋ ಆ ಕೈ ಊರಿ ಕೂತಿದ್ರಲ್ಲ. ಲಡಿ ಸುತ್ತಿ ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ನೇತು ಹಾಕಿದ್ರೆ ಗುಂಗುರು ಬಹುಪಾಲು ಹೋಗುತ್ತೆ. ನಾನು ಅರ್ಧ ನೂಲನ್ನ ಹಂಗೆ ನೆಟ್ಟಗೆ ಮಾಡಿ ಉಳಿದರ್ಧನ ಗುಂಗುರಾಗೇ ಹೆಣೆದೆ, ಒಂದೇ ಪ್ಯಾನೆಲ್‌ನಲ್ಲಿ ಅರ್ಧ ನಯ ಅರ್ಧ ಏರುಪೇರು. ಮಷೀನ್‌ಗೆ ಗುಂಗುರು ನೂಲು ಹಾಕುವಾಗ ಮೇಣ ಸವರಿ ನಿಧಾನ ಓಡಿಸಿ, ಇಲ್ಲಾಂದ್ರೆ ಕುಣಿಕೆ ಬಿಟ್ಟೋಗುತ್ತೆ.

ಇನ್ನೊಂದು ವಿಷಯ, ನಿಮ್ಮ ರಿಸರ್ಚ್ ಫೈಲ್‌ಗೆ. ಹೆಣಿಗೆನೇ ವಲಸೆ ಬಂದ ವಿದ್ಯೆ. ಈಜಿಪ್ಟ್‌ನಲ್ಲಿ ಸಿಕ್ಕಿರೋ ಹೆಣೆದ ಹತ್ತಿ ಕಾಲುಚೀಲಗಳಿಗೆ ಎಂಟುನೂರು, ಒಂಬೈನೂರು ವರ್ಷ ವಯಸ್ಸು. ಸ್ಪೇನ್‌ನಲ್ಲಿ 1275ರಲ್ಲಿ ತೀರಿಕೊಂಡ ರಾಜಕುಮಾರ ಫರ್ನಾಂಡೋ ದೆ ಲಾ ಸೆರ್ಡಾನ ಸಮಾಧೀಲಿ ರೇಷ್ಮೆಯಿಂದ ಹೆಣೆದ ದಿಂಬು ಸಿಕ್ಕಿದೆ, ಕ್ರಿಶ್ಚಿಯನ್ ರಾಜಮನೆತನದ ದಿಂಬಿನ ಅಂಚಲ್ಲಿ ಅರೇಬಿಕ್ ಅಕ್ಷರದಲ್ಲಿ ಆಶೀರ್ವಾದ ಅನ್ನೋ ಪದ. ಆಮೇಲೆ ನಾವು ಬಳಸೋ ಮಷೀನ್‌ನ ಮೂಲಪುರುಷ ವಿಲಿಯಂ ಲೀ, 1589ರಲ್ಲಿ ಇಂಗ್ಲೆಂಡ್‌ನಲ್ಲಿ ಕಾಲುಚೀಲ ಹೆಣೆಯೋ ಯಂತ್ರ ಮಾಡಿದ, ಅಲ್ಲಿ ಪೇಟೆಂಟ್ ಸಿಗ್ಲಿಲ್ಲ, ಸಹೋದರ ಜೇಮ್ಸ್‌ನೂ ಕೆಲಸದವರನ್ನೂ ಯಂತ್ರಗಳನ್ನೂ ಕಟ್ಕೊಂಡು ಫ್ರಾನ್ಸ್‌ನ ರೂಆನ್‌ಗೆ ಹೋದ, 1610ರಲ್ಲಿ ಆಸರೆಯಾಗಿದ್ದ ರಾಜ ನಾಲ್ಕನೇ ಹೆನ್ರಿ ಕೊಲೆ ಆದ, ಆ ಆಸರೆನೂ ಹೋಯ್ತು. ಲೀ ಪರದೇಶದಲ್ಲೇ ಸತ್ತ, ಜೇಮ್ಸ್ ವಾಪಸ್ ಬಂದ. ಮಷೀನ್‌ನ ಕ್ಯಾರೇಜ್ (ಸೂಜಿಗಳ ಮೇಲೆ ಅತ್ತಿತ್ತ ಓಡಿಸೋ ಭಾಗ) ಎಳೆಯುವಾಗೆಲ್ಲ ಇದು ನಂಗೆ ನೆನಪಾಗುತ್ತೆ.

ಹಾಗಂತ ಕಥೆ ಚೆನ್ನಾಗಿದೆ ಅಂತ ಸುಳ್ಳು ಕಥೆ ಹೊಲೀಬೇಡಿ. ಐರ್ಲೆಂಡ್‌ನ ಆರನ್ ದ್ವೀಪಗಳ ಆರನ್ ಸ್ವೆಟರ್ ಬಗ್ಗೆ ಕೇಳಿರ್ತೀರ, ಪ್ರತಿ ಮನೆತನಕ್ಕೂ ಒಂದೊಂದು ಡಿಸೈನ್, ಸಮುದ್ರದಲ್ಲಿ ಸತ್ತವರನ್ನ ಅದ್ರಿಂದ ಗುರುತು ಹಿಡೀತಿದ್ರು ಅಂತ. ಅದಕ್ಕೆ ಆಧಾರ ಇಲ್ಲ. 1904ರ ಒಂದು ನಾಟಕದಲ್ಲಿ ಮುಳುಗಿ ಸತ್ತವನನ್ನ ಕಾಲುಚೀಲದ ಬಿಟ್ಟುಹೋದ ಕುಣಿಕೆಗಳಿಂದ ಗುರುತು ಹಿಡೀತಾರೆ, ಸ್ವೆಟರ್ ಕಥೆ ಬೆಳೆದಿದ್ದು ಅದರಿಂದಲೇ ಅಂತಾರೆ. ಕೌವಿಚನ್ ಸ್ವೆಟರ್ ಬಗ್ಗೆನೂ ಓದಿ: ಕೆನಡಾದ ವ್ಯಾಂಕೂವರ್ ದ್ವೀಪದ ಮೂಲನಿವಾಸಿ ಹೆಂಗಸರು ಯುರೋಪಿಂದ ಬಂದವರ ಹತ್ರ ಹೆಣಿಗೆ ಕಲ್ತು ತಮ್ಮದೇ ಉಣ್ಣೆ, ತಮ್ಮದೇ ಚಿತ್ರದಲ್ಲಿ ಬೆಳೆಸಿದ್ದು. 2010ರ ವಿಂಟರ್ ಒಲಿಂಪಿಕ್ಸ್‌ಗೆ ಅದೇ ಥರ ಕಾಣೋ ಸ್ವೆಟರ್ ಮಾರಾಟಕ್ಕೆ ಬಂದಾಗ ಆ ಜನ ಆಕ್ಷೇಪ ಎತ್ತಿದ್ರು, ಆಮೇಲೆ ಅವರ ಕೈಯ ಸ್ವೆಟರ್‌ಗಳ್ನೂ ಮಾರೋಕೆ ಒಪ್ಪಂದ ಆಯ್ತು. ಯಾರ ಪ್ಯಾಟರ್ನ್ ಎತ್ಕೊಂಡ್ರೂ ಅವರನ್ನ ಕೇಳ್ಬೇಕು.

ಒಪ್ಪಿಗೆ ವಿಷಯ ಇಲ್ಲೇ ಬರುತ್ತೆ. ರೆಕಾರ್ಡಿಂಗ್‌ಗೆ ಹೂಂ ಅಂದಿದ್ದು ರ‍್ಯಾಂಪ್ ಮೇಲಿನ ಸ್ವೆಟರ್‌ಗೆ ಹೂಂ ಅಂದಂಗಲ್ಲ. ಫೋಟೋ ಇನ್‌ಸ್ಟಾಗ್ರಾಂಗೆ ಹೋಗುತ್ತೆ, ಯಾರಾದ್ರೂ ಕೊಂಡ್ಕೋಬಹುದು, ಇದನ್ನ ಬಿಡಿಸಿ ಹೇಳಿ, ಸ್ವಾಚ್ (ಹೆಣಿಗೆಯ ಸಣ್ಣ ಮಾದರಿ ತುಂಡು) ತಗೊಂಡೋಗಿ ಕೈಗೆ ಕೊಡಿ, ಬೇಡ ಅಂದ್ರೆ ನಿಲ್ಸಿ. ಯಾರದ್ದಾದ್ರೂ ಆಶ್ರಯದ ಅರ್ಜಿ ಇನ್ನೂ ಬಾಕಿ ಇದ್ರೆ ದಾರಿ, ತಾರೀಖು, ಊರು ಯಾವುದೂ ಲೇಬಲ್‌ನಲ್ಲಾಗ್ಲಿ ಪೋರ್ಟ್‌ಫೋಲಿಯೋದಲ್ಲಾಗ್ಲಿ ಬರಬಾರದು, ಅವರಿಗೆ ತೊಂದ್ರೆ ಆಗಬಹುದು. ಬರೆಯುವಾಗ ಎಲ್ಲರನ್ನೂ ನಿರಾಶ್ರಿತರು ಅಂತ ಒಂದೇ ಗಂಟಿಗೆ ಕಟ್ಬೇಡಿ, ಆ ಪದಕ್ಕೆ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದದಲ್ಲಿ ಕಾನೂನಿನ ಅರ್ಥ ಇದೆ. ಕೆಲಸಕ್ಕೆ ಬಂದೋರು, ಮದುವೆ ಆಗಿ ಬಂದೋರು ಬೇರೆ.

ಆರು ಔಟ್‌ಫಿಟ್‌ನಲ್ಲಿ ಆರೂ ಕಥೆ ಹೇಳೋದು ಬೇಡ, ಎರಡು ಗಟ್ಟಿ ಮಾಡಿ, ಉಳಿದವು ಅದೇ ಕಫ್ಫು ಅದೇ ಜೇಬನ್ನ ಸಣ್ಣದಾಗಿ ಇಟ್ಕೊಂಡು ಸುಮ್ನಿರಲಿ. ಈ ವಾರ ಸ್ಕೆಚ್ ನಿಲ್ಸಿ, ಒಂದು ತೋಳು ಮಾತ್ರ ಹೆಣೆದು, ತೊಳೆದು, ಒಂದು ರಾತ್ರಿ ಬಿಟ್ಟು ಆಮೇಲೆ ಗೇಜ್ (ಇಷ್ಟು ಅಳತೆಗೆ ಎಷ್ಟು ಕುಣಿಕೆ, ಎಷ್ಟು ಸಾಲು ಅನ್ನೋದು) ಅಳೀರಿ, ಮಷೀನ್ ಮೇಲಿಂದ ಇಳಿಸಿದ ತಕ್ಷಣ ಅಳೆದ್ರೆ ಲೆಕ್ಕ ತಪ್ಪುತ್ತೆ. ನಿಮ್ಮ ಹತ್ರ ಇರೋದು ಸಿಂಗಲ್ ಬೆಡ್ಡಾ ಡಬಲ್ ಬೆಡ್ಡಾ ಬರೆದಿಲ್ಲ. ಅದು ಹೇಳಿ, ಸಿಂಗಲ್ ಆದ್ರೆ ಗುಪ್ತ ಜೇಬಿಗೆ ಬೇರೆ ದಾರಿ ಇದೆ, ಕಾಮೆಂಟ್‌ನಲ್ಲಿ ಬಿಡಿಸಿ ಬರೀತೀನಿ.