ಸಾಲ ಇದ್ದರೆ ಅಮೆರಿಕದಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್ ಸಿಗುವುದಿಲ್ಲವೇ?

ಸಾಲ ಇದೆ ಅಂದ ಮಾತ್ರಕ್ಕೆ ತಪ್ಪಿಹೋಗುವುದಿಲ್ಲ. ಮನೆ ಸಾಲ, ಕಾರಿನ ಸಾಲದ ಕಂತು ಸರಿಯಾಗಿ ಕಟ್ಟುತ್ತಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಬೇಕಾದ ಈ ಅನುಮತಿಗೆ ಅಡ್ಡ ಬರುವುದು ಕಟ್ಟದೆ ಬಿಟ್ಟ ಸಾಲ, ಬಾಕಿ ತೆರಿಗೆ, ಜೂಜಿನ ಚಟ.

ಯಾಕೆ? ಸಾಲ ಕುತ್ತಿಗೆಗೆ ಬಂದವನನ್ನು ದುಡ್ಡು ತೋರಿಸಿ ಕೊಳ್ಳುವುದು ಸುಲಭ ಅಲ್ವಾ? ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ ಹಾಗೇ ಆದವನು. ವಿಚ್ಛೇದನ, ಸಾಲದ ನಡುವೆ 1985ರಲ್ಲಿ 50,000 ಡಾಲರ್‌ಗೆ ಸೋವಿಯತ್ ಕಡೆಗೆ ಗುಟ್ಟು ಮಾರಿದ. ಆಮೇಲೆ ಸುಮ್ಮನಿರಲಿಲ್ಲ, ಸಂಬಳಕ್ಕೆ ಹೊಂದದ ಮನೆಯನ್ನು ನಗದು ಕೊಟ್ಟು ಕೊಂಡ. ಸಿಕ್ಕಿಬಿದ್ದದ್ದು 1994ರಲ್ಲಿ. ಅದಕ್ಕೇ ಲೆಕ್ಕಕ್ಕೆ ಸಿಗದ ಶ್ರೀಮಂತಿಕೆಯನ್ನೂ ಅಷ್ಟೇ ಅನುಮಾನದಿಂದ ನೋಡುತ್ತಾರೆ.

ಈ ಅನುಮತಿಗಾಗಿ ತುಂಬಬೇಕಾದ ಎಸ್‌ಎಫ್-86 ಅರ್ಜಿಯ 26ನೇ ಭಾಗ ಪೂರ್ತಿ ದುಡ್ಡಿನ ಪ್ರಶ್ನೆಗಳೇ. ಕಳೆದ 7 ವರ್ಷಗಳಲ್ಲಿ ಯಾವುದಾದರೂ ಸಾಲ 120 ದಿನಕ್ಕಿಂತ ಜಾಸ್ತಿ ಬಾಕಿ ಬಿದ್ದಿತ್ತಾ ಅಂತ ಕೇಳುತ್ತಾರೆ. ಇಲ್ಲಿ ಮುಚ್ಚಿಡಬೇಡಿ. ಕ್ರೆಡಿಟ್ ರಿಪೋರ್ಟ್ ಅವರ ಕೈಯಲ್ಲೇ ಇರುತ್ತದೆ, ಸುಳ್ಳು ಹೇಳಿದ್ದು ಸಾಲಕ್ಕಿಂತ ದೊಡ್ಡ ತಪ್ಪಾಗುತ್ತದೆ.

ಕೆಲಸ ಹೋಯಿತು, ಆಸ್ಪತ್ರೆ ಖರ್ಚು ಬಂತು ಅನ್ನುವಂಥ ಕಾರಣಗಳಿದ್ದರೆ ಪರಿಗಣಿಸುತ್ತಾರೆ. ಆದರೆ ಬರೀ ಕಾರಣ ಸಾಲದು. ಸಾಲ ಕೊಟ್ಟವರ ಜೊತೆ ಮಾತಾಡಿ ಕಂತು ಗೊತ್ತುಮಾಡಿಕೊಂಡ ಪತ್ರ, ಕೆಲವು ತಿಂಗಳು ಕಟ್ಟಿದ ರಸೀದಿ ಇದ್ದರೆ ಕೇಸು ಗಟ್ಟಿಯಾಗುತ್ತದೆ. ದಿವಾಳಿ ಅರ್ಜಿ ಹಾಕಿದವರಿಗೂ ಸಿಕ್ಕಿದ್ದುಂಟು.