ಪರ್ತ್‌ಗೆ ಬರುವ ಅಮ್ಮ ಊರಿನ ಜೇನುತುಪ್ಪ ತರಬಹುದಾ?

ಶಿರಸಿಯಿಂದ ಪರ್ತ್‌ಗೆ ಬರುತ್ತಿರುವ ಅಮ್ಮ ಮನೆಯ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಜೇನುತುಪ್ಪ ಒಂದು ಬಾಟಲಿ ತರಬಹುದಾ, ತಿನ್ನೋಕೆ ತಾನೆ, ಅದಕ್ಕೂ ಯಾಕೆ ತಕರಾರು ಅಂತ ಕೇಳಿದ್ದೀರಿ. ಬೇಡ, ತರಿಸಬೇಡಿ.

ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಯುರೋಪಿಯನ್ ಫೌಲ್‌ಬ್ರೂಡ್ ಅನ್ನೋ ರೋಗ ಇಲ್ಲ. ಅದು ಜೇನಿನ ಮರಿಗಳನ್ನು ಗೂಡಿನಲ್ಲೇ ಕೊಳೆಸುವ ರೋಗ, ಪೂರ್ವದ ರಾಜ್ಯಗಳಲ್ಲಿ ಇದೆ. ಅದಕ್ಕೇ ಸಿಡ್ನಿಯಿಂದ ಬರುವವರೂ ಸುಮ್ನೆ ಬ್ಯಾಗಿನಲ್ಲಿ ಜೇನುತುಪ್ಪ ಹಾಕಿಕೊಂಡು ಬರುವಂತಿಲ್ಲ.

ಹೊರಗಿನ ಜೇನುತುಪ್ಪದಲ್ಲಿ ಇಂಥ ರೋಗಾಣು ಇರಬಹುದು. ತಿಂದರೆ ನಮಗೇನೂ ಆಗುವುದಿಲ್ಲ, ನಿಜ. ಆದರೆ ಖಾಲಿ ಬಾಟಲಿಯನ್ನು ಕಸದ ಡಬ್ಬಿಗೆ ಹಾಕುತ್ತೀರಿ, ತಳದಲ್ಲಿ ಅಂಟಿದ ತುಪ್ಪ ನೆಕ್ಕಲು ಇಲ್ಲಿನ ಜೇನು ಬರುತ್ತದೆ, ಗೂಡಿಗೆ ಒಯ್ದು ಮರಿಗಳಿಗೆ ಉಣಿಸುತ್ತದೆ. ಅಲ್ಲಿಗೆ ರೋಗ ಮನೆ ಹೊಕ್ಕಂತೆಯೇ. ಅಮೆರಿಕನ್ ಫೌಲ್‌ಬ್ರೂಡ್ ಅಂತ ಇನ್ನೊಂದಿದೆ, ಅದರ ಬೀಜಾಣು 40 ವರ್ಷಕ್ಕೂ ಜಾಸ್ತಿ ಬದುಕುತ್ತದೆ, ಜೇನುತುಪ್ಪ ಕಾಯಿಸಿದರೂ ಸಾಯುವುದಿಲ್ಲ. ಅದು ಬಂದರೆ ಹೆಚ್ಚಾಗಿ ಪೆಟ್ಟಿಗೆಗಳನ್ನು ಸುಡಬೇಕಾಗುತ್ತದೆ.

ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ನಮ್ಮನೆಯಲ್ಲೇ ನಡೆದದ್ದು. ಸಾಗರದ ಹತ್ತಿರ ನಮ್ಮ ತೋಟದಲ್ಲಿ ಅಪ್ಪಯ್ಯ 12 ಪೆಟ್ಟಿಗೆ ತುಡುವೆ ಸಾಕಿದ್ದರು. 1976ರಲ್ಲಿ ಥಾಯ್ಲೆಂಡ್‌ನಲ್ಲಿ ಮೊದಲು ಕಂಡ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ 1991–92ರಲ್ಲಿ ದಕ್ಷಿಣ ಭಾರತಕ್ಕೆ ಬಂತು. ಕೇರಳದಲ್ಲಿ 90%ಕ್ಕೂ ಜಾಸ್ತಿ ತುಡುವೆ ಗೂಡುಗಳು ಹೋದವು, ನಮ್ಮ ಮಲೆನಾಡೂ ಉಳಿಯಲಿಲ್ಲ. ಎರಿ ಎತ್ತಿ ನೋಡಿದರೆ ಮರಿಗಳು ತಲೆ ಮೇಲೆತ್ತಿ ಸತ್ತಿದ್ದವು. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬರುತ್ತಿದ್ದವು. ದೊಡ್ಡ ಹುಳಗಳು ಆರಾಮಾಗೇ ಕಾಣುತ್ತಿದ್ದವು, ಆಮೇಲೆ ಒಂದೊಂದೇ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಯಿತು. ಮದ್ದೇ ಇರಲಿಲ್ಲ. ಅಪ್ಪಯ್ಯ ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದರು, ಎಷ್ಟೋ ವರ್ಷ ಕೆಳಗೆ ಇಳಿಸಲೇ ಇಲ್ಲ.

ಇಲ್ಲಿ ಪೆಟ್ಟಿಗೆ ಇಟ್ಟು ಬದುಕುವವರಿಗೆ ಆ ದಿನ ಬರಬಾರದು ಅಂತ ನನ್ನ ಆಸೆ. ಒಮ್ಮೆ ಒಳಗೆ ಬಂದ ಮೇಲೆ ತಡೆಯುವುದು ಎಷ್ಟು ಕಷ್ಟ ನೋಡಿ: 2022ರ ಜೂನ್‌ನಲ್ಲಿ ಪೂರ್ವ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರಿನಲ್ಲಿ ವರೋವಾ ಅನ್ನೋ, ಜೇನಿಗೆ ಅಂಟಿ ಬದುಕುವ ನುಸಿ ಸಿಕ್ಕಿತು. ಸಾವಿರಾರು ಗೂಡು ಕೊಂದರೂ ಅದು ನಿಲ್ಲಲಿಲ್ಲ, 2023ರ ಸೆಪ್ಟೆಂಬರ್‌ನಲ್ಲಿ ನಿರ್ಮೂಲನೆಯ ಪ್ರಯತ್ನವನ್ನೇ ಕೈಬಿಟ್ಟರು.

ಅಮ್ಮ ಈಗಾಗಲೇ ಬ್ಯಾಗಿಗೆ ಹಾಕಿಬಿಟ್ಟಿದ್ದರೆ, ಇಳಿಯುವ ಮೊದಲು ತುಂಬುವ ಕಾರ್ಡಿನಲ್ಲಿ ಆಹಾರ ಇದೆ ಅಂತ ಬರೆದು ಅಧಿಕಾರಿಗೆ ತೋರಿಸಲಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ. ತೆಳ್ಳೇವಿಗೆ (ನಮ್ಮ ಕಡೆಯ ತೆಳು ದೋಸೆಗೆ) ಜೇನುತುಪ್ಪ ಬೇಕೇ ಬೇಕು ಅಂದರೆ ಇಲ್ಲಿನ ಜಾರಾ ಮರದ ಹೂವಿನ ಜೇನುತುಪ್ಪ ತಂದಿಡಿ. ಬಣ್ಣ ಸ್ವಲ್ಪ ಕಪ್ಪು, ಆದರೆ ನಮ್ಮಮ್ಮನಿಗೆ ತುಂಬಾ ಹಿಡಿಸಿತು.